ಜೊಂಡಿಗೆ ಕಟ್ಟಿದ ಕೆಂಪು ಚಿಂದಿ

ನನ್ನ ಮೈದುನ ತೀರಿಕೊಂಡ ಮೇಲೆ ಹಕ್ಕಿ ನೋಡುವ ಸಂಘದವರು ಜಲಾಶಯದ ಕಟ್ಟೆಯ ಮೇಲೆ ಒಂದು ಫಲಕ ನಿಲ್ಲಿಸಿದ್ದಾರೆ. ಅದರಲ್ಲಿ ಅವನ ಫೋಟೋ ಇದೆ. ಕೆಳಗೆ ‘ಇರುವೆಗೂ ನೋವು ಮಾಡದ ಜೀವ’ ಎಂದು ಬರೆದಿದೆ. ಬರೆದವರು ಒಳ್ಳೆಯವರು. ಆದರೆ ಅವರು ಅವನನ್ನು ನೋಡಿದ್ದು ಭಾನುವಾರಗಳಲ್ಲಿ ಮಾತ್ರ. ನಾನು ಮೂವತ್ತೆಂಟು ವರ್ಷ ಅವನ ಪಕ್ಕದ ಮನೆಯಲ್ಲಿದ್ದವಳು. ಎರಡು ಮನೆಗೂ ನಡುವಿನ ಗೋಡೆ ಒಂದೇ.

ತೂಬಿನ ಚಕ್ರ ತಿರುಗಿಸುವುದು ಅವನ ಕೆಲಸ. ಕಾಲು ಉದ್ದವಿದ್ದುದರಿಂದ ಎಲ್ಲರೂ ಕೊಕ್ಕರೆ ಎನ್ನುತ್ತಿದ್ದರು. ಬೆಳಿಗ್ಗೆ ನೀರು ಬಿಟ್ಟು, ಕೊರಳಿಗೆ ದುರ್ಬೀನು ಹಾಕಿಕೊಂಡು ಹಕ್ಕಿ ಎಣಿಸುತ್ತಿದ್ದ. ಕೋಪ ಬಂದರೆ ಮಾತ್ರ ಅವನಿಗೆ ಮುಂದಿರುವುದು ಕಾಣುತ್ತಿರಲಿಲ್ಲ. ಯಾರೋ ದಡದಲ್ಲಿ ರೇಡಿಯೋ ಹಾಕಿದ್ದಕ್ಕೆ ಅದನ್ನು ನೀರಿಗೆಸೆದು, ಕೇಳಲು ಬಂದವನ ಎರಡು ಹಲ್ಲು ಉದುರಿಸಿದ್ದ. ಹಕ್ಕಿಗೆ ಕೇಳಿಸುತ್ತದೆ, ಮೆಲ್ಲಗೆ ಮಾತಾಡಿ ಎಂದು ಅವನು ಕೂಗಿದರೆ ಆಚೆ ದಡದ ಬಾತುಗಳೆಲ್ಲ ಎದ್ದು ಹಾರುತ್ತಿದ್ದವು.

ನನ್ನ ಯಜಮಾನರು ಹೋದ ಮೇಲೆ ಅವರ ದೋಣಿ ನನಗೆ ಬಂತು. ಜೊಂಡು ಕೊಯ್ದು ಚಾಪೆ ಹೆಣೆದು ಬದುಕಿದೆ. ಮೈದುನನನ್ನು ಜೊಂಡಿನೊಳಗೆ ಕರೆದೊಯ್ಯುತ್ತಿದ್ದವಳೂ ನಾನೇ. ನಾನು ಗಳ ಒತ್ತುತ್ತಿದ್ದೆ, ಅವನು ಮುಂದೆ ಕೂತು ನೋಡುತ್ತಿದ್ದ.

ಒಂದು ವರ್ಷ ಕೆಂಪು ಕತ್ತಿನ ಬಕಗಳು ಜೊಂಡಿನೊಳಗೆ ಹನ್ನೊಂದು ಗೂಡು ಕಟ್ಟಿದವು. ಆರು ವರ್ಷದಿಂದ ಒಂದು ಜೋಡಿಯೂ ನಿಂತಿರಲಿಲ್ಲ. ಮೈದುನ ಊಟ ಬಿಟ್ಟು ಅಲ್ಲೇ ಕೂರುತ್ತಿದ್ದ. ಆದರೆ ಮರಿ ಹಾರುವುದಕ್ಕೆ ಮೊದಲೇ ಜೊಂಡು ಕೊಯ್ಲಿನ ದಿನ ಬರುತ್ತಿತ್ತು. ತೂಬಿಗೆ ಜೊಂಡು ಕಟ್ಟಿಕೊಳ್ಳುತ್ತದೆ, ಒಂದು ದಿನವೂ ಮುಂದೂಡುವುದಿಲ್ಲ ಎಂದು ಇಂಜಿನಿಯರು ಹೇಳಿಬಿಟ್ಟರು.

ಕೊಯ್ಯುವವರಲ್ಲಿ ಒಂದು ಪದ್ಧತಿ ಉಂಟು. ನೀರಿನಡಿ ಕಲ್ಲೋ ಬೊಡ್ಡೆಯೋ ಇದ್ದರೆ ಮೇಲಿನ ಜೊಂಡಿಗೆ ಬಟ್ಟೆ ಕಟ್ಟುತ್ತಾರೆ. ಬಟ್ಟೆ ಕಂಡಲ್ಲಿ ಸುತ್ತ ಒಂದು ಮಾರು ಬಿಟ್ಟು ಕೊಯ್ಯುತ್ತಾರೆ, ಕುಡುಗೋಲು ಮುರಿಯಬಾರದಲ್ಲ. ಗೂಡಿಗೂ ಹಾಗೇ ಕಟ್ಟೋಣ ಎಂದ ಮೈದುನ. ನನ್ನ ಹಳೆಯ ಕೆಂಪು ಸೀರೆಯನ್ನು ನಾನೇ ಹರಿದು ಹನ್ನೊಂದು ಚಿಂದಿ ಮಾಡಿಕೊಟ್ಟೆ. ಗಾಳಿಗೆ ಹಾರಾಡಲಿ, ದೂರಕ್ಕೆ ಕಾಣಲಿ ಎಂದು ಉದ್ದವಾಗಿಯೇ ಹರಿದೆ. ಇಬ್ಬರಲ್ಲಿ ಒಬ್ಬರಿಗೂ ಮುಂದಿನದು ಹೊಳೆಯಲಿಲ್ಲ.

ಗೂಡಿಗೊಂದರಂತೆ ಕಟ್ಟಿ ನಾಲ್ಕನೆಯ ದಿನ ಬೆಳಿಗ್ಗೆ ನೋಡಲು ಹೋದೆವು. ಮೊದಲ ಚಿಂದಿಯ ಕೆಳಗೆ ಗೂಡು ಮಗುಚಿತ್ತು. ದೊಡ್ಡ ಮರಿಗಳು ಇರಲಿಲ್ಲ. ಗರಿ ಬಾರದ ಎರಡು ಮರಿಗಳನ್ನು ಕೆಸರಿಗೆ ತುಳಿದಿದ್ದರು, ಒಂದರ ಕಾಲು ಇನ್ನೂ ಆಡುತ್ತಿತ್ತು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ತಾಯಿ ಹಕ್ಕಿಯೊಂದು ರೆಕ್ಕೆ ಮುರಿದು ನೀರಿನಲ್ಲಿ ಸುತ್ತುತ್ತಿತ್ತು. ಮೈದುನ ಅದರ ಕತ್ತು ಹಿಡಿದು ಒಂದೇ ಸಲಕ್ಕೆ ತಿರುವಿದ.

ಆರನೆಯ ಚಿಂದಿಯ ಹತ್ತಿರ ಮೈದುನನ ಹೆಂಡತಿಯ, ಅಂದರೆ ನನ್ನ ಓರಗಿತ್ತಿಯ, ತಮ್ಮ ಸೊಂಟದುದ್ದ ನೀರಿನಲ್ಲಿ ನಿಂತಿದ್ದ. ಬಲೆ ಹಾಕಿ ಹಕ್ಕಿ ಹಿಡಿದು ಹೋಟೆಲಿಗೆ ಮಾರುವುದು ಅವನ ಕಸುಬು. ಹೆಗಲಿಗೆ ಕಟ್ಟಿದ ಚೀಲ ಒದ್ದಾಡುತ್ತಿತ್ತು. ಕೈಯಲ್ಲಿ ಕುಡುಗೋಲು. ನಮ್ಮನ್ನು ಕಂಡು ಅವನು ಹೆದರಲಿಲ್ಲ, ನಕ್ಕ.

“ನಾನೇನೂ ಹುಡುಕಲಿಲ್ಲ ಭಾವ. ನೀವೇ ಬಾವುಟ ಕಟ್ಟಿ ಕರೆದ್ರಿ, ಬಂದೆ.”

ಮೈದುನ ದೋಣಿಯಿಂದ ಹಾರಿದ. ಬಲೆಯವನು ಕುಡುಗೋಲು ಬೀಸಿದ. ಮೈದುನನ ಎಡಗೆನ್ನೆ ಕಿವಿಯಿಂದ ಬಾಯಿಯವರೆಗೆ ಸೀಳಿ ಒಳಗಿನ ಹಲ್ಲು ಕಂಡಿತು. ಅವನು ಅದನ್ನು ಮುಟ್ಟಿಯೂ ನೋಡಲಿಲ್ಲ. ಕುಡುಗೋಲು ಕಿತ್ತುಕೊಂಡು ಅದರ ಹಿಡಿಯಿಂದ ಬಲೆಯವನ ತಲೆಗೆ ಮೂರು ಸಲ ಬಡಿದ. ಮೂರನೆಯ ಏಟು ಕಿವಿಗೆ ಬಿತ್ತು. ಆಮೇಲೆ ಅವನ ಕೂದಲು ಹಿಡಿದು ಮುಖವನ್ನು ನೀರಿಗೆ ಅದುಮಿದ.

ನಾನು ಬಿಡು ಎಂದೆ. ಸಾಯ್ತಾನೆ, ಬಿಡಪ್ಪ ಎಂದೆ. ನಿನ್ನ ಹೆಂಡತಿಯ ಒಡಹುಟ್ಟಿದವನು ಕಣೋ ಎಂದೆ. ಅವನಿಗೆ ಕೇಳಿಸಿತೋ ಇಲ್ಲವೋ. ಮೊದಲು ಗುಳ್ಳೆ ದೊಡ್ಡದಾಗಿ ಬಂದವು, ಆಮೇಲೆ ಚಿಕ್ಕದಾಗಿ, ಆಮೇಲೆ ಬರಲಿಲ್ಲ. ನಾನು ಗಳ ಎತ್ತಿ ಮೈದುನನ ಬೆನ್ನಿಗೆ ಹೊಡೆದೆ. ಅವನು ಅಲುಗಲಿಲ್ಲ. ಎರಡನೆಯ ಸಲ ದೋಣಿಯಲ್ಲಿ ಕಾಲೂರಿ ನಿಂತು, ಬಲೆಯವನನ್ನು ಅದುಮಿದ್ದ ತೋಳಿನ ಮೇಲೆ, ನನ್ನ ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಹೊಡೆದೆ. ಮೊಣಕೈ ಮುರಿದ ಸದ್ದು ಕೇಳಿಸಿತು. ಒಣ ಕಟ್ಟಿಗೆ ಮುರಿದ ಹಾಗಲ್ಲ, ಹಸಿ ಕಬ್ಬು ಮುರಿದ ಹಾಗೆ.

ಬಲೆಯವನನ್ನು ದೋಣಿಯ ಅಂಚಿಗೆ ಎಳೆದು ಬೋರಲು ಹಾಕಿ ಬೆನ್ನು ಗುದ್ದಿದೆ. ಬಹಳ ಹೊತ್ತಾದ ಮೇಲೆ ಕೆಸರು ಕಾರಿದ. ಚೀಲ ಬಿಚ್ಚಿ ನೋಡಿದೆ. ಒಂಬತ್ತು ಮರಿ ಇದ್ದವು, ಎರಡು ಬದುಕಿದ್ದವು. ಸಂಜೆಯೊಳಗೆ ಅವೂ ಸತ್ತವು.

ಆಸ್ಪತ್ರೆಯಲ್ಲಿ ಇಬ್ಬರಿಗೂ ಎದುರು ಬದುರು ಮಂಚ. ಓರಗಿತ್ತಿ ನಡುವೆ ಸ್ಟೂಲು ಹಾಕಿಕೊಂಡು ಗೋಡೆ ನೋಡುತ್ತ ಕೂತಳು. ಪೊಲೀಸಿನವರು ಬಂದಾಗ ದೋಣಿ ಮಗುಚಿತು ಎಂದ ಮೈದುನ, ಹೊಲಿಗೆ ಹಾಕಿದ ಬಾಯಲ್ಲೇ. ಹೌದು, ಮಗುಚಿತು ಎಂದ ಬಲೆಯವನು. ನಿಜ ಹೇಳಿದರೆ ಇಬ್ಬರಿಗೂ ಜೈಲು. ಮೂವತ್ತು ವರ್ಷ ಮಗುಚದ ದೋಣಿ ನಿಮ್ಮದು ಎಂದು ಪೊಲೀಸಿನವರು ನನ್ನ ಮುಖ ನೋಡಿದರು. ವಯಸ್ಸಾಯಿತು ಎಂದೆ. ದೋಣಿಗೋ ನಿಮಗೋ ಎಂದು ಅವರು ಕೇಳಲಿಲ್ಲ.

ಬಲೆಯವನಿಗೆ ಒಂದು ಕಿವಿ ಹೋಯಿತು. ಅವನು ಬಲೆ ಬಿಟ್ಟು ಇಟ್ಟಿಗೆ ಹೊರುವ ಕೆಲಸಕ್ಕೆ ಸೇರಿದ. ಮೈದುನನ ಕೈ ಮತ್ತೆ ನೆಟ್ಟಗಾಗಲಿಲ್ಲ. ಪಟ್ಟಿ ಬಿಚ್ಚಿದ ದಿನ ನನ್ನ ಮನೆಗೆ ಬಂದು, ನಾನು ಹೆಣೆಯುತ್ತಿದ್ದ ಚಾಪೆಯ ಅಂಚಿನಲ್ಲಿ ಕೂತ. ಬೈಯುತ್ತಾನೆ ಎಂದುಕೊಂಡಿದ್ದೆ.

“ಅವನು ಕಾಲು ಬಡಿಯೋದು ನಿಲ್ಲಿಸಿದ್ದ ಅತ್ತಿಗೆ. ಅದು ನನಗೆ ಗೊತ್ತಾಯ್ತು. ಗೊತ್ತಾದ ಮೇಲೂ ಬಿಡಲಿಲ್ಲ.”

“ನೋಡ್ತಿದ್ದೆ.”

“ಬಾವುಟದ ಬಗ್ಗೆ ಅವನು ಹೇಳಿದ್ದು ಸುಳ್ಳಾಗಿದ್ರೆ ಬಿಟ್ಟುಬಿಡ್ತಿದ್ದೆ.”

ಚಿಂದಿ ಹರಿದವಳು ನಾನು, ಅದನ್ನೂ ಲೆಕ್ಕಕ್ಕೆ ಹಿಡಿ ಎಂದೆ. ಅವನು ತಲೆ ಆಡಿಸಿ ಎದ್ದು ಹೋದ.

ಮರುವರ್ಷ ಒಂದೇ ಜೋಡಿ ಬಂತು. ಗೂಡು ಎಲ್ಲಿದೆ ಎಂದು ಅವನು ನನಗೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೊಯ್ಲಿನ ದಿನ ನಸುಕಿಗೇ ಹೋಗಿ ಎದೆಯುದ್ದ ನೀರಿನಲ್ಲಿ ನಿಂತುಬಿಟ್ಟ. ಕೊಯ್ಯುವವರು ದಿನವಿಡೀ ಅವನನ್ನು ಸುತ್ತಿ ಬಳಸಿ ಕೊಯ್ದರು. ಆ ಸೀಳುಗೆನ್ನೆಯ ಹತ್ತಿರ ಕುಡುಗೋಲು ಆಡಿಸುವ ಧೈರ್ಯ ಒಬ್ಬರಿಗೂ ಬರಲಿಲ್ಲ. ಕತ್ತಲಾಗುವ ಹೊತ್ತಿಗೆ ಜಲಾಶಯವೆಲ್ಲ ಬೋಳು, ನಡುವೆ ಒಂದು ಮೆಳೆ ಜೊಂಡು, ಅದರ ಮುಂದೆ ಅವನು.

ಮನೆಗೆ ಬಂದಾಗ ಎರಡು ಕಾಲಿನಲ್ಲೂ ಜಿಗಣೆ, ಒಸರುವ ರಕ್ತ. ಓರಗಿತ್ತಿ ಅವನ ಜೊತೆ ಮಾತು ಬಿಟ್ಟು ಹನ್ನೊಂದು ತಿಂಗಳಾಗಿತ್ತು. ಉಪ್ಪಿನ ಡಬ್ಬಿ ತಂದು ಅವನೆದುರು ಕೂತಳು. ಒಂದು ಕಾಲಿನಿಂದ ಹದಿನಾಲ್ಕು ಕಿತ್ತು ಒಲೆಗೆಸೆದಳು. ಆಮೇಲೆ ತಲೆ ಎತ್ತದೆ, “ಇನ್ನೊಂದು ಕಾಲು ಚಾಚಿ” ಎಂದಳು.