ಅರ್ಧ ಮಂಚ

ಹಾಸ್ಟೆಲ್ಲಿನ ನಿಯಮಗಳನ್ನು ನೀಲಿ ಹಲಗೆಯ ಮೇಲೆ ಬರೆದು ಊಟದ ಕೋಣೆಯ ಬಾಗಿಲಿನ ಮೇಲೆ ತೂಗುಹಾಕಿದ್ದರು ಎಂದು ಬಹಳ ಕಾಲ ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ. ಜೊತೆಗಿದ್ದವರನ್ನು ಕೇಳಿದರೆ ಒಬ್ಬರಿಗೂ ಆ ಹಲಗೆ ನೆನಪಿಲ್ಲ. ವಾರ್ಡನ್ನರು ಬಾಯಲ್ಲೇ ಹೇಳುತ್ತಿದ್ದರು ಅನ್ನುತ್ತಾರೆ. ಮೈಸೂರಿನಲ್ಲಿ ಇತಿಹಾಸದ ಎಂ.ಎ. ಓದಿದ ಮೇಲೆ ಆಧಾರವಿಲ್ಲದ ಯಾವುದನ್ನೂ ನಂಬಬಾರದು ಎಂಬ ಚಾಳಿ ನನಗೆ ಅಂಟಿಕೊಂಡಿತು. ಆ ಚಾಳಿಯ ಪ್ರಕಾರ ಹಲಗೆಯನ್ನು ಬಿಟ್ಟುಕೊಡಬೇಕು. ಆದರೆ ನಿಯಮಗಳು ಮಾತ್ರ ಒಂದೂ ಮರೆತಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ಬೂದಿಕೋಟೆಯ ಆಚೆಗಿನ ನಮ್ಮ ಹಳ್ಳಿಯಿಂದ ಬಸ್ಸಿನಲ್ಲಿ ಬಂಗಾರಪೇಟೆಗೆ ಬಂದು, ಅಲ್ಲಿಂದ ರೈಲು ಹಿಡಿದು, ಕಾಲೇಜು ಸೇರಲು ಚಿನ್ನದ ಗಣಿಯ ಊರಾದ ಊರಿಗಾಮಿನಲ್ಲಿ ಇಳಿದೆ. ತಲೆಯ ಮೇಲೆ ತಗಡಿನ ಟ್ರಂಕು, ಕಂಕುಳಲ್ಲಿ ಹಾಸಿಗೆ ಸುರುಳಿ. ನಮ್ಮ ಹಾಸ್ಟೆಲ್ಲು ಗಣಿಯ ಅಧಿಕಾರಿಯೊಬ್ಬರು ಬಿಟ್ಟುಹೋಗಿದ್ದ ಹಳೆಯ ಬಂಗಲೆ. ಮೇಲೆ ಜಿಂಕ್ ಶೀಟು, ಸುತ್ತ ಜಗಲಿ, ಎದುರಿಗೆ ದೂರದಲ್ಲಿ, ಚಿನ್ನ ತೆಗೆದ ಮೇಲೆ ಉಳಿದ ಕಲ್ಲಿನ ಪುಡಿ ಸುರಿದು ಬೆಳೆದ ಬೂದಿ ಬಣ್ಣದ ಸೈನೈಡ್ ದಿಬ್ಬ.

ವಾರ್ಡನ್ನರು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುತ್ತಿದ್ದ, ಮದುವೆಯಾಗದ, ಮಿತಭಾಷಿ. ಮೊದಲ ದಿನ ಊಟಕ್ಕೆ ಕೂರಿಸಿ ನಿಯಮ ಹೇಳಿದರು. ಬೇತಮಂಗಲದ ನೀರು ನಲ್ಲಿಗೆ ಬೆಳಿಗ್ಗೆ ಮಾತ್ರ ಬರುತ್ತದೆ, ಸ್ನಾನಕ್ಕೆ ತಲೆಗೊಂದು ಬಕೆಟ್ಟು. ತಟ್ಟೆ ಊಟದ ಕೋಣೆಯಿಂದ ಹೊರಗೆ ಹೋಗಬಾರದು. ಹಗಲು ಹೊತ್ತಿನಲ್ಲಿ ಯಾರೂ ಮಂಚದ ಮೇಲೆ ಮಲಗಬಾರದು. ಹೊರಗಿನವರು ಜಗಲಿಯವರೆಗೆ ಬರಬಹುದು, ಒಳಗಿಲ್ಲ. ಇದಿಷ್ಟು ಅವರು ಹೇಳಿದ್ದು. ಉಳಿದದ್ದನ್ನು ಸೀನಿಯರುಗಳು ಹೇಳಿಕೊಟ್ಟರು: ದಿಬ್ಬದ ಕಡೆಯಿಂದ ಗಾಳಿ ಎದ್ದರೆ ಮೊದಲು ಕಿಟಕಿ ಮುಚ್ಚು, ಆಮೇಲೆ ಬಾಯಿ ಮುಚ್ಚು. ನೆಲದಡಿಯ ಗಣಿಯಲ್ಲಿ ಬಂಡೆ ಸಿಡಿದು ಮಂಚ ಅಲುಗಿದರೆ ಹೊರಗೆ ಓಡಬೇಡ, ಓಡುವವರೆಲ್ಲ ಹಳ್ಳಿಯವರು. ಮೊದಲನೆಯ ಸಲ ನಾನು ಟವೆಲ್ಲಿನಲ್ಲೇ ಗೇಟಿನವರೆಗೆ ಓಡಿದೆ. ಅದನ್ನು ಯಾರೂ ಮರೆತಿಲ್ಲ. ಈ ಒಂದು ವಿಷಯದಲ್ಲಿ ಎಲ್ಲರ ನೆನಪೂ ಗಟ್ಟಿಯಾಗಿದೆ.

ಹಾಸ್ಟೆಲ್ಲಿನ ಸೀಟು ಹೊರಗಿನ ಊರಿನವರಿಗೆ ಮಾತ್ರ. ಗಣಿ ಊರಿನಲ್ಲೇ ಮನೆ ಇದ್ದವರಿಗೆ ಸಿಗುತ್ತಿರಲಿಲ್ಲ. ಮನೆ ಇದ್ದವನಿಗೆ ಹಾಸ್ಟೆಲ್ಲು ಯಾಕೆ ಎಂಬುದು ನ್ಯಾಯವಾದ ಮಾತು ಅಂತಲೇ ನಾನೂ ತಿಳಿದಿದ್ದೆ, ನನ್ನ ಬೆಂಚಿನ ಗೆಳೆಯನ ಮನೆ ನೋಡುವವರೆಗೆ.

ಅವನು ಗಣಿ ಕೆಲಸಗಾರರ ಸಾಲುಮನೆಗಳ ಲೈನಿನವನು. ಅವನ ಮನೆಯವರು ಬೇತಮಂಗಲದ ಕಡೆಯಿಂದ ಕೂಲಿಗೆ ಬಂದು ನಿಂತವರು. ಬಿದಿರು ತಟ್ಟಿಯ ಗೋಡೆ, ಒಂದೇ ಕೋಣೆ, ಒಂದೇ ಮಂಚ. ಅಪ್ಪನಿಗೆ ರಾತ್ರಿ ಪಾಳಿ, ಅಕ್ಕನ ಗಂಡನಿಗೆ ಹಗಲು ಪಾಳಿ. ಒಬ್ಬರು ಎದ್ದುಹೋದ ಮಂಚದಲ್ಲಿ ಇನ್ನೊಬ್ಬರು ಬಂದು ಮಲಗುವರು. ಹಗಲಲ್ಲಿ ಅಪ್ಪ ಮಲಗಿರುವುದರಿಂದ ಮಾತಾಡುವಂತಿಲ್ಲ, ರಾತ್ರಿ ಭಾವ ಮಲಗಿರುವುದರಿಂದ ದೀಪ ಉರಿಸುವಂತಿಲ್ಲ. ಅವನು ರಾತ್ರಿ ಊರಿಗಾಂ ಸ್ಟೇಷನ್ನಿನ ಪ್ಲಾಟ್‌ಫಾರಂ ದೀಪದಡಿ ಕೂತು ಓದುತ್ತಿದ್ದ, ಬೆಳಿಗ್ಗೆ ಕ್ಲಾಸಿನಲ್ಲಿ ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡುತ್ತಿದ್ದ. ಅದು ನಮ್ಮ ಕೊನೆಯ ವರ್ಷ. ಪರೀಕ್ಷೆ ಹತ್ತಿರ ಬಂದಿತ್ತು. ಫೇಲಾದರೆ ಇರಲಿ ಎಂದು ಅವರಪ್ಪ ಗಣಿಯಲ್ಲಿ ಅವನಿಗೊಂದು ಕೆಲಸ ಹೇಳಿಟ್ಟಿದ್ದರು. ಕೆಳಗಿಳಿಯುವ ಕೆಲಸ.

ಮಧ್ಯಾಹ್ನದ ಊಟವಾದ ಮೇಲೆ ನಾನು ಸಂಜೆಯವರೆಗೆ ಲೈಬ್ರರಿಯಲ್ಲಿ ಇರುತ್ತಿದ್ದೆ. ವಾರ್ಡನ್ನರು ಪ್ರಾಕ್ಟಿಕಲ್ಸ್ ನಡೆಸಲು ಕಾಲೇಜಿಗೆ ಹೋಗುತ್ತಿದ್ದರು. ನನ್ನ ಮಂಚ ಸುಮ್ಮನೆ ಬಿದ್ದಿರುತ್ತಿತ್ತು. ಹೋಗಿ ಮಲಗು ಎಂದು ಗೆಳೆಯನಿಗೆ ಹೇಳಿದೆ. ಅವನು, ‘ಅಂಗಾದ್ರೆ ನೀನು ನನ್ ಮಂಚದ ಜೊತೆಗಾರ ಆಗ್ತೀಯ ಕಣ್ಲಾ,’ ಅಂದ. ನಾನು ನಕ್ಕೆ. ಅವರ ಲೈನಿನಲ್ಲಿ ಅದು ನಗುವ ಮಾತಾಗಿರಲಿಲ್ಲ. ಮಂಚ ಹಂಚಿಕೊಂಡವರು ಒಬ್ಬರ ಮನೆಯ ಒಳ್ಳೆಯದು ಕೆಟ್ಟದ್ದಕ್ಕೆ ಇನ್ನೊಬ್ಬರು ನಿಲ್ಲಬೇಕು. ಎದ್ದವನು ಹಾಸಿಗೆ ಕೊಡವಿ, ಮಗ್ಗುಲು ತಿರುಗಿಸಿ, ಹೊದಿಕೆ ಮಡಿಸಿ, ಕೂಜಕ್ಕೆ ನೀರು ತುಂಬಿಟ್ಟು ಹೋಗಬೇಕು. ಬರುವವನು ದಣಿದು ಬರುತ್ತಾನೆ.

ಗೆಳೆಯ ಇದನ್ನೆಲ್ಲ ಚಾಚೂ ತಪ್ಪದೆ ಮಾಡಿದ. ನಾನು ಹಾಸಿಗೆಯನ್ನು ಕೈಯಲ್ಲಿ ಮುಟ್ಟದ ಸೋಮಾರಿ. ಸಂಜೆ ಸುತ್ತು ಬರುತ್ತಿದ್ದ ವಾರ್ಡನ್ನರು ನನ್ನ ಮಂಚದ ಮುಂದೆ ನಿಂತು, ಮಡಿಸಿದ ಹೊದಿಕೆ ನೋಡಿ, ನೀರು ತುಂಬಿದ ಕೂಜ ನೋಡಿ, ಊಟದ ಹೊತ್ತಿನಲ್ಲಿ ಎಲ್ಲರ ಮುಂದೆ ನನ್ನನ್ನು ಹೊಗಳಿದರು. ಹಾಸಿಗೆ ಇಡುವುದನ್ನು ಇವನಿಂದ ಕಲಿಯಿರಿ ಅಂದರು. ಗುಟ್ಟು ತಿಳಿದಿದ್ದ ಹುಡುಗರು ಸಾರಿನಲ್ಲಿ ಮುಖ ಅದ್ದಿಕೊಂಡು ನಕ್ಕರು.

ಒಂದು ಭಾನುವಾರ ಬೆಳಿಗ್ಗೆ ಗೆಳೆಯನ ಅಮ್ಮ ಗೇಟಿನೊಳಗೆ ಬಂದರು. ಕೈಯಲ್ಲಿ ಟಿಫಿನ್ ಕ್ಯಾರಿಯರು. ಮಗನಿಗೆ ಹೇಳದೆ ಬಂದಿದ್ದರು ಎಂಬುದು ನನಗೆ ಆಮೇಲೆ ಗೊತ್ತಾಯಿತು. ನಾನು ಜಗಲಿಯ ಪಕ್ಕದ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದೆ. ಅಡಿಗೆಯವನನ್ನು ಅವರು, ಇಲ್ಲಿ ಮೇಸ್ತ್ರಿ ಯಾರು ಎಂದು ಕೇಳಿದರು. ಅವನು ಜಗಲಿಯಲ್ಲಿ ಪೇಪರು ಓದುತ್ತಿದ್ದ ವಾರ್ಡನ್ನರನ್ನು ತೋರಿಸಿದ. ತಡೆಯೋಣವೆಂದು ನಾನು ಎದ್ದು ನಿಂತೆ, ಕೈ ತುಂಬ ಸೋಪು. ಅಷ್ಟರಲ್ಲಿ ಅವರು ಮೆಟ್ಟಿಲ ಹತ್ತಿರ ಹೋಗಿಬಿಟ್ಟಿದ್ದರು.

‘ನೀವೇನಾ ಸಾಮಿ, ನನ್ ಮಗನಿಗೆ ಅರ್ಧ ಮಂಚ ಕೊಟ್ಟೋರು?’

ವಾರ್ಡನ್ನರು ಪೇಪರು ಇಳಿಸಿದರು. ‘ಅರ್ಧ ಮಂಚವೇ?’

ಲೈನಿನಲ್ಲಿ ಯಾರು ಯಾರಿಗೆ ಮಂಚ ಕೊಟ್ಟರೂ ಮೇಸ್ತ್ರಿಗೆ ಗೊತ್ತಿಲ್ಲದೆ ಕೊಡುವುದಿಲ್ಲ. ಇಲ್ಲಿಯೂ ಹಾಗೆಯೇ ಎಂದು ಆ ತಾಯಿ ತಿಳಿದಿದ್ದರು. ಉಪಕಾರ ಮಾಡಿದವರಿಗೆ ಬಾಯಿಗೊಂದಿಷ್ಟು ಕೊಡದಿದ್ದರೆ ಮರ್ಯಾದೆಯಲ್ಲ ಎಂದು ನಿಪ್ಪಟ್ಟು ಮಾಡಿಕೊಂಡು ಬಂದಿದ್ದರು. ಮಗ ಮಧ್ಯಾಹ್ನ ಎಷ್ಟು ಚೆನ್ನಾಗಿ ನಿದ್ದೆ ಮಾಡುತ್ತಾನೆ, ಕಣ್ಣಿನ ಕೆಂಪು ಹೇಗೆ ಇಳಿದಿದೆ, ಎಲ್ಲವನ್ನೂ ವಿವರವಾಗಿ ಹೇಳಿದರು. ವಾರ್ಡನ್ನರು ಕೇಳುತ್ತಾ ಕೇಳುತ್ತಾ ನನ್ನ ಕಡೆ ಒಂದು ಸಲ ನೋಡಿದರು. ಕೂಜದ ನೀರು, ಮಡಿಸಿದ ಹೊದಿಕೆ, ಎಲ್ಲವೂ ಆ ಒಂದು ನೋಟದಲ್ಲಿ ಅವರಿಗೆ ಅರ್ಥವಾಯಿತು.

‘ಹೊರಗಿನವರು ಒಳಗೆ ಬಂದು ಮಲಗುವ ಹಾಗಿಲ್ಲಮ್ಮ,’ ಅಂದರು, ಮೆಲ್ಲಗೆ.

‘ಹೊರಗಿನೋನು ಎಂಗಾಯ್ತಾನೆ ಸಾಮಿ? ಇದು ಸಿಫ್ಟು ಅಲ್ವಾ. ಒಬ್ಬ ಎದ್ಮೇಲೆ ಒಬ್ಬ.’

ವಾರ್ಡನ್ನರು ಪೇಪರು ಮಡಿಸಿ ಪಕ್ಕಕ್ಕಿಟ್ಟರು. ಅಮ್ಮ ಕ್ಯಾರಿಯರನ್ನು ಮೆಟ್ಟಿಲ ಮೇಲೆ ಇಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, ಇನ್ನೊಂದು ಮಾತು ಹೇಳಿದರು. ಇದನ್ನು ನಾನು ನೆನಪಿನಲ್ಲಿ ತಿದ್ದಿರಬಹುದೇ ಎಂದು ಎಷ್ಟೋ ಸಲ ಪರೀಕ್ಷಿಸಿ ನೋಡಿದ್ದೇನೆ. ತಿದ್ದಿದ್ದರೆ ಇಷ್ಟು ಚಿಕ್ಕದಾಗಿ ಇರುತ್ತಿರಲಿಲ್ಲ.

‘ಅವರಪ್ಪ ಕೆಳಗಿಳೀತಾನೆ. ಅಳಿಯ ಕೆಳಗಿಳೀತಾನೆ. ಇವನೊಬ್ಬ ಮೇಲಿರ್ಲಿ ಅಂತ.’

ಅವರು ಹೋದ ಮೇಲೆ ವಾರ್ಡನ್ನರು ಒಂದು ನಿಪ್ಪಟ್ಟು ಮುರಿದು ತಿಂದರು. ಉಳಿದದ್ದನ್ನು ಅಡಿಗೆಯವನಿಗೆ ಕೊಟ್ಟು ಎಲ್ಲರಿಗೂ ಹಂಚಲು ಹೇಳಿದರು. ಸಂಜೆ ನನ್ನನ್ನು ಕರೆಸಿದರು. ನಾನು ಆಗಲೇ ವಾದ ಮಾಡುವವನು. ಹಗಲಲ್ಲಿ ಮಂಚ ಯಾರಿಗೂ ಬೇಡವಾದ ಮೇಲೆ ಅದರ ಮೇಲೆ ಯಾರು ಮಲಗಿದರೆ ಯಾರಿಗೆ ನಷ್ಟ ಎಂದು ಕೇಳಿದೆ. ನಷ್ಟದ ಮಾತಲ್ಲ ಎಂದರು. ಒಬ್ಬನಿಗೆ ಬಿಟ್ಟರೆ ಪ್ರತಿ ಮಂಚಕ್ಕೂ ಒಬ್ಬ ಬರುತ್ತಾನೆ, ಬರುವವರೆಲ್ಲ ಕಷ್ಟದಲ್ಲಿರುವವರೇ ಆಗಿರುತ್ತಾರೆ, ಯಾರನ್ನು ಬೇಡ ಅನ್ನಲಿ ಎಂದು ನನ್ನನ್ನೇ ಕೇಳಿದರು. ನಾಳೆಯಿಂದ ನಿನ್ನ ಮಂಚದಲ್ಲಿ ನೀನೊಬ್ಬನೇ ಎಂದು ಮುಗಿಸಿದರು. ನನಗೆ ವಿಪರೀತ ಸಿಟ್ಟು ಬಂತು. ಆ ರಾತ್ರಿ ಊಟ ಬಿಟ್ಟೆ ಅನ್ನಿಸುತ್ತದೆ. ಬಿಡದೆಯೂ ಇದ್ದಿರಬಹುದು, ಭಾನುವಾರ ಪಾಯಸ ಇರುತ್ತಿತ್ತು.

ಸೋಮವಾರ ಗೆಳೆಯನಿಗೆ ಹೇಗೆ ಹೇಳುವುದೆಂದು ತಿಳಿಯದೆ ಕ್ಲಾಸು ಮುಗಿಯುವವರೆಗೆ ಮುಂದೂಡಿದೆ. ಅವನಿಗೆ ಅಮ್ಮನಿಂದ ಆಗಲೇ ಗೊತ್ತಾಗಿತ್ತು. ‘ಓಗ್ಲಿ ಬಿಡ್ಲಾ, ಸ್ಟೇಷನ್ ಬೆಂಚು ಎಲ್ಲಿಗೂ ಓಗಲ್ಲ,’ ಅಂದ. ಇಬ್ಬರೂ ಕಾಲೇಜಿನ ಗೇಟು ದಾಟುವಾಗ ವಾರ್ಡನ್ನರು ಅಲ್ಲಿ ಕಾಯುತ್ತಿದ್ದರು. ಜೇಬಿನಿಂದ ಬೀಗದ ಕೈ ತೆಗೆದು ಗೆಳೆಯನ ಕೈಗೆ ಕೊಟ್ಟರು.

‘ನನ್ನ ಕೋಣೆ ಹಾಸ್ಟೆಲ್ಲಿನ ಲೆಕ್ಕಕ್ಕೆ ಬರುವುದಿಲ್ಲ. ಸಂಜೆವರೆಗೆ ನಾನು ಲ್ಯಾಬಿನಲ್ಲಿರುತ್ತೇನೆ.’ ಇಷ್ಟು ಹೇಳಿ, ನಮ್ಮ ಮುಖ ನೋಡದೆ ಹೊರಟುಹೋದರು.

ಅವರ ಕೋಣೆ ಬಂಗಲೆಯ ಮುಂಭಾಗದಲ್ಲಿ, ರಸ್ತೆಯ ಕಡೆಗೆ ಬೇರೆ ಬಾಗಿಲು ಇಟ್ಟುಕೊಂಡು ಇತ್ತು. ನಾವು ಯಾರೂ ಅದರ ಒಳಗೆ ಕಾಲಿಟ್ಟವರಲ್ಲ. ಗೆಳೆಯ ಬೀಗ ತೆಗೆದ, ಒಳಗೆ ಹೋದ, ಮಲಗಲಿಲ್ಲ. ಗುರುಗಳ ಮಂಚದ ಮೇಲೆ ಮೈ ಚಾಚುವುದು ಅವನಿಂದ ಆಗಲಿಲ್ಲ. ಮೊದಲ ದಿನ, ಎರಡನೆಯ ದಿನ, ಗೋಡೆಗೆ ಒರಗಿ ನೆಲದ ಮೇಲೆ ಕೂತು, ತೂಕಡಿಸುತ್ತಾ, ಎಚ್ಚರಾಗುತ್ತಾ ಸಂಜೆ ಮಾಡಿದ. ಬೀಗದ ಕೈ ವಾಪಸು ಕೊಟ್ಟುಬಿಡುತ್ತೇನೆ ಎಂದು ನನಗೆ ಹೇಳಿದ. ಪರೀಕ್ಷೆಗೆ ಇನ್ನೇನು ಕೆಲವೇ ವಾರ, ಅವನ ಕಣ್ಣು ಮತ್ತೆ ಕೆಂಪಾಗಿತ್ತು. ನಾನು ಬಯ್ದೆ, ಬೇಡಿಕೊಂಡೆ. ಕೇಳಲಿಲ್ಲ.

ಇದು ವಾರ್ಡನ್ನರಿಗೆ ಹೇಗೆ ತಿಳಿಯಿತೋ ಗೊತ್ತಿಲ್ಲ. ಸುಕ್ಕಾಗದ ಹಾಸಿಗೆಯೇ ಹೇಳಿರಬೇಕು, ಅಂಥದ್ದನ್ನು ನೋಡುವ ಕಣ್ಣು ಅವರಿಗಿತ್ತು. ಮುಂದಿನ ಮಧ್ಯಾಹ್ನ ಲ್ಯಾಬನ್ನು ಇನ್ನೊಬ್ಬರಿಗೆ ಒಪ್ಪಿಸಿ ಕೋಣೆಗೆ ಬಂದರು. ಅಲ್ಲಿ ನಡೆದದ್ದನ್ನು ನಾನು ನೋಡಿದವನಲ್ಲ, ಮರುದಿನ ಗೆಳೆಯ ಹೇಳಿದ್ದು. ಆದರೂ ನೋಡಿದವನ ಹಾಗೆ ಕಾಣಿಸುತ್ತದೆ, ಅದಕ್ಕೇ ನನ್ನ ಕಣ್ಣನ್ನು ಪೂರ್ತಿ ನಂಬುವುದಿಲ್ಲ. ವಾರ್ಡನ್ನರು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ತಾವೇ ಹಾಸಿಗೆಯ ಹೊದಿಕೆ ಸರಿಸಿದರಂತೆ.

‘ನನ್ನ ಸಿಫ್ಟು ಮುಗಿದಿದೆ. ನಿನ್ನದು ಶುರು. ಮಂಚ ಹತ್ತು,’ ಅಂದರಂತೆ.

ಅವನು ಹತ್ತಿ ಮಲಗಿದ. ಎಚ್ಚರವಾದಾಗ ಕತ್ತಲಾಗುತ್ತಾ ಬಂದಿತ್ತು. ವಾರ್ಡನ್ನರು ಕಿಟಕಿಯ ಕೆಳಗೆ ನೆಲದ ಮೇಲೆ ಕೂತು, ದೀಪ ಹಾಕದೆ, ಉಳಿದಿದ್ದ ಒಂದಿಷ್ಟು ಬೆಳಕಿಗೆ ಪ್ರಾಕ್ಟಿಕಲ್ ರೆಕಾರ್ಡುಗಳನ್ನು ಹಿಡಿದು ತಿದ್ದುತ್ತಿದ್ದರಂತೆ. ಇವನು ಗಾಬರಿಯಿಂದ ಏಳಲು ಹೋದರೆ ಇನ್ನೂ ಸ್ವಲ್ಪ ಹೊತ್ತು ಇದೆ ಎಂಬಂತೆ ಕೈ ಮಾತ್ರ ಮಾಡಿದರಂತೆ. ಇವನು ಮತ್ತೆ ನಿದ್ದೆಹೋದ.

ಪರೀಕ್ಷೆ ಮುಗಿಯುವವರೆಗೆ ಅದೇ ಅವನ ಮಂಚವಾಯಿತು. ಗೆಳೆಯ ಪಾಸಾದ. ಸುದ್ದಿ ಬಂದ ದಿನ ಅವರಪ್ಪ ರಾತ್ರಿ ಪಾಳಿ ಮುಗಿಸಿ ಬಂದವರು ಮಲಗದೆ, ತೊಳೆದ ಅಂಗಿ ಹಾಕಿಕೊಂಡು ಗಣಿಯ ಆಫೀಸಿಗೆ ಹೋದರು. ಮಗನಿಗೆಂದು ಹೇಳಿಟ್ಟಿದ್ದ ಕೆಲಸ ಬೇರೆ ಯಾರಿಗಾದರೂ ಕೊಡಿ ಎಂದು ಹೇಳಿಬಂದು, ಆಮೇಲೆ ಮಲಗಿದರು.