ಉತ್ತರ ಬಾರದ ಲೈನು

ನಿಜಗುಣಪ್ಪನನ್ನು ಹೆಡ್ಡ ಅಂದವರ ಬಾಯಲ್ಲಿ ಮಣ್ಣು ಬೀಳಲಿ. ಬೈಲಹೊಂಗಲದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹದಿನೆಂಟು ವರ್ಷ ಅವನ ಪಕ್ಕದ ಕುರ್ಚಿಯಲ್ಲಿ ಕೂತವನು ನಾನು. ಅವನಂಥ ಆಪರೇಟರು ಇನ್ನೊಬ್ಬ ಇರಲಿಲ್ಲ.

೧೯೯೩ರ ಒಂದು ಮಧ್ಯಾಹ್ನ ಸಂಪಗಾಂವದ ಅಂಚೆ ಕಚೇರಿಯಿಂದ ಚನ್ನವ್ವ ಎಂಬಾಕೆ ರಾಮದುರ್ಗದ ಆಸ್ಪತ್ರೆಗೆ ಟ್ರಂಕ್ ಕಾಲ್ ಹಚ್ಚಿಸಿದಳು. ಮಗಳು ಮೀನಾ ನಾಲ್ಕು ದಿನದ ಬಾಣಂತಿ, ಜ್ವರ ಇಳಿದಿರಲಿಲ್ಲ. ಅವಳ ದನಿ ಒಮ್ಮೆ ಕೇಳಬೇಕಿತ್ತು ತಾಯಿಗೆ. ನಿಜಗುಣಪ್ಪ ಸವದತ್ತಿಯನ್ನು ಕೇಳಿ, ಸವದತ್ತಿಯವರು ರಾಮದುರ್ಗವನ್ನು ಕೇಳಿ, ಅಂತೂ ಲೈನು ಕೂಡಿತು.

ನಾವು ಆಗಾಗ ನಡುವೆ ಬಾಯಿ ಹಾಕಿ, "ಮಾತು ನಡದಾವೇನ್ರಿ?" ಎಂದು ಕೇಳಬೇಕು. ಮೂರು ಸಲ ಉತ್ತರ ಬಾರದಿದ್ದರೆ ವಯರು ಕಿತ್ತು ಮುಂದಿನವರಿಗೆ ಕೊಡಬೇಕು. ನಿಜಗುಣಪ್ಪ ಮೂರು ಸಲ ಕೇಳಿದ. ಉತ್ತರವಿಲ್ಲ.

"ತಡಿಯೋ, ಯಾರೋ ಇದ್ದಾರ ಅನಸ್ತದ," ಅಂದ.

"ಏನ್ ತಡಿಯೂದು? ಹತ್ತಿ ಸಾಹುಕಾರ ತಾಸಿನಿಂದ ರಾಮದುರ್ಗ ಕೇಳಾಕತ್ತಾನ. ಕೀಳಪಾ," ಎಂದು ರೇಗಿದೆ. ಕಿತ್ತ.

ಆ ದಿನ ಮತ್ತೆ ಲೈನು ಸಿಗಲಿಲ್ಲ. ಮರುದಿನ ಮೀನಾ ತೀರಿಕೊಂಡಳು.

ದಿನಕರ್ಮ ಮುಗಿಸಿ ಚನ್ನವ್ವ ಎಕ್ಸ್‌ಚೇಂಜಿಗೆ ಬಂದಳು. "ಮಗಳನ್ನ ಕರಕೊಂಡ ಬರತೇನಿ ಅಂದ್ಳ್ರಿ ನರ್ಸಬಾಯಿ. ನಮ್ಮನಿಯವರನ್ನ ಕರಿಯಾಕ ಫೋನ್ ಮೇಜಿನ ಮ್ಯಾಲ ಇಟ್ಟು ಬಾಗಲಕ್ಕ ಹೋಗಿದ್ನಿ. ಅಲ್ಲೇ ಇದ್ನಲ್ರೀ ಯಪ್ಪಾ. ಯಾರು ಕಿತ್ತವರು?"

"ನಾನಬೇ," ಅಂದ ನಿಜಗುಣಪ್ಪ. ನನ್ನ ಹೆಸರು ಎತ್ತಲಿಲ್ಲ.

ಕಾಲ ಬದಲಾಯಿತು, ಟ್ರಂಕ್ ಬೋರ್ಡು ಗುಜರಿಗೆ ಹೋಯಿತು. ೨೦೦೧ರಲ್ಲಿ ನಮ್ಮಿಬ್ಬರನ್ನೂ ತರಬೇತಿಗೆ ಕಳಿಸಿದರು. ಲೇಬಲ್ ಹಚ್ಚಿದ ಮಾಹಿತಿ ಓಡಾಡುವ ಹೊಸ ಜಾಲದಲ್ಲಿ ದಾರಿ ಕಾದಿರಿಸುವ ಎರಡು ಪದ್ಧತಿಗಳನ್ನು ಹೋಲಿಸಿ ಬರೆಯಬೇಕಿತ್ತು. ಆರ್‌ಎಸ್‌ವಿಪಿ-ಟಿಇ ಎಂಬುದು ಆಗಾಗ ವಿಚಾರಿಸುತ್ತದೆ, ಸುದ್ದಿ ನಿಂತರೆ ದಾರಿ ಬಿಟ್ಟುಬಿಡುತ್ತದೆ. ಸಿಆರ್-ಎಲ್‌ಡಿಪಿ ಎಂಬುದು ಒಮ್ಮೆ ಹಿಡಿದ ದಾರಿಯನ್ನು 'ಬಿಡು' ಅನ್ನುವವರೆಗೆ ಬಿಡುವುದಿಲ್ಲ.

ಮೊದಲನೆಯದೇ ಮೇಲು, ಸತ್ತ ದಾರಿ ತಾನಾಗಿ ತೆರವಾಗುತ್ತದೆ ಎಂದು ನಾನು ಬರೆದೆ. ನಿಜಗುಣಪ್ಪ ಎರಡನೆಯದನ್ನು ಹಿಡಿದ. ಯಾಕೆಂದು ಮೇಷ್ಟ್ರು ಕೇಳಿದರು.

"ಉತ್ತರ ಬರಲಿಲ್ಲಂದ್ರ ಆ ಕಡೆ ಯಾರೂ ಇಲ್ಲಂತ ಅಲ್ರೀ ಸರ. ಬಾಗಲಕ್ಕ ಹೋಗಿರತಾರ."

ತರಗತಿಯೆಲ್ಲ ನಕ್ಕಿತು. ಹೆಡ್ಡ ಎಂಬ ಹೆಸರು ಬಿದ್ದದ್ದು ಆಗಲೇ. ಎರಡು ವರ್ಷದಲ್ಲಿ ಅವನು ಹಿಡಿದ ಪದ್ಧತಿಯನ್ನು ಬೆಳೆಸುವುದನ್ನೇ ಜಾಲದ ನಿಯಮ ಬರೆಯುವ ದೊಡ್ಡವರು ಕೈಬಿಟ್ಟರು. ನನಗೆ ಬಡ್ತಿ ಬಂತು.

೨೦೦೬ರಲ್ಲಿ ನಿಜಗುಣಪ್ಪ ಹೋದ. ಮಣ್ಣಿಗೆ ಚನ್ನವ್ವ ಬಂದಿದ್ದಳು. ಹೆಣದ ಮುಖ ನೋಡಿ ನನ್ನ ಹತ್ತಿರ ನಿಂತಳು.

"ಅವತ್ತ ನೀವೂ ಅಲ್ಲೇ ಇದ್ರೇನ್ರಿ?"

ಮತ್ತೊಮ್ಮೆ ಕೇಳಿದಳು. ನಾನು ಅಲ್ಲೇ ಇದ್ದೆ. ಉತ್ತರ ಕೊಡಲಿಲ್ಲ.