ಅಜ್ಜನ ಕೆಳಗೆ ಅವ್ವನ ಹೆಸರು

ಆಗದ ಮಾತು ಎಂದು ನನ್ನ ಸೋದರಮಾವ ನನ್ನೆದುರಿಗೆ ಎರಡು ಸಲ ಹೇಳಿದ್ದಾನೆ. ಮೊದಲನೆಯ ಸಲ ಹೇಳಿದ್ದು ನಾನು ಹತ್ತನೆಯ ತರಗತಿ ಪಾಸಾದ ಬೇಸಿಗೆಯಲ್ಲಿ, ಬ್ಯಾಡಗಿಯ ನಮ್ಮ ಬಾಡಿಗೆ ಮನೆಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತ. ಎರಡನೆಯ ಸಲ ಹತ್ತು ಹನ್ನೆರಡು ವರ್ಷಗಳ ಮೇಲೆ, ಹಾವೇರಿಯ ಕೋರ್ಟಿನ ಎದುರಿನ ಕಂಪ್ಯೂಟರ್ ಅಂಗಡಿಯಲ್ಲಿ. ಎರಡೂ ಸಲ ಅವನ ಮಾತು ಸುಳ್ಳಾಯಿತು. ಹಾಗೆಂದು ಹೇಳಿಕೊಳ್ಳುವಾಗ ಮೊದಲಿನಷ್ಟು ಖುಷಿ ಈಗ ಆಗುವುದಿಲ್ಲ.

ಮೊದಲನೆಯದು ನನ್ನ ಡಿಗ್ರಿಯ ಮಾತು. ನಮ್ಮ ಕಡೆ ಹುಡುಗಿಯೊಬ್ಬಳು ಡಿಗ್ರಿ ಮುಗಿಸಿದ್ದನ್ನು ತಾನು ಕಂಡಿಲ್ಲ, ಕಾಣುವುದೂ ಇಲ್ಲ ಎಂದ. ಅಪ್ಪ ಮಾರುಕಟ್ಟೆಯಲ್ಲಿ ಹಮಾಲ, ಚೀಲ ಹೊತ್ತು ಬಂದವನಿಗೆ ವಾದ ಮಾಡುವ ಕಸುವಿರಲಿಲ್ಲ. ಅವ್ವ ಮಾತ್ರ ಒಳಗಿನಿಂದ, “ನೋಡೂಣು ತಡಿ ಅಣ್ಣ,” ಎಂದಳು. ಅಣ್ಣನೆದುರು ಅವಳು ಆಡಿದ್ದು ಅಷ್ಟೇ. ಮರುದಿನದಿಂದ ಮೆಣಸಿನಕಾಯಿ ಗೋದಾಮಿನಲ್ಲಿ ಎರಡು ತಾಸು ಹೆಚ್ಚು ಕೂತಳು.

ಅವಳ ಕೆಲಸ ಕಾಯಿಯ ತೊಟ್ಟು ಬಿಡಿಸುವುದು. ಬ್ಯಾಡಗಿಯಲ್ಲಿ ನೂರಾರು ಹೆಂಗಸರು ಮಾಡುವ ಕೆಲಸ ಅದು. ಬಾಯಿಗೆ ಸೆರಗು ಕಟ್ಟಿಕೊಂಡು ಕೆಂಪು ರಾಶಿಯ ಮುಂದೆ ಕೂತರೆ ಏಳುವುದು ಊಟಕ್ಕೇ. ಬೆರಳ ತುದಿ ಉರಿಯುತ್ತದೆ, ಆಮೇಲೆ ಉರಿಯುವುದೂ ನಿಲ್ಲುತ್ತದೆ, ಚರ್ಮ ಗಾಜಿನ ಹಾಗೆ ನುಣುಪಾಗುತ್ತದೆ. ರೇಷನ್ ಅಂಗಡಿಯ ಯಂತ್ರ ಅವ್ವನ ಹೆಬ್ಬೆಟ್ಟನ್ನು ಒಂದು ಸಲಕ್ಕೆ ಹಿಡಿದಿದ್ದು ನನಗೆ ನೆನಪಿಲ್ಲ.

ನಾನು ರೈಲಿನ ಪಾಸು ಮಾಡಿಸಿಕೊಂಡು ರಾಣೇಬೆನ್ನೂರಿನ ಕಾಲೇಜಿಗೆ ಹೋಗಿ ಬಂದೆ. ನನ್ನ ಬಟ್ಟೆಯಲ್ಲಿ ಘಾಟು ಇರುತ್ತಿತ್ತು. ನಾನು ಬೆಂಚಿನಲ್ಲಿ ಕೂತರೆ ಹಿಂದಿನ ಹುಡುಗರು ಬೇಕೆಂತಲೇ ಸೀನಿ, “ಬಂತಪಾ ಬ್ಯಾಡಗಿ ಗಾಡಿ,” ಅನ್ನುತ್ತಿದ್ದರು. ಎರಡನೆಯ ವರ್ಷಕ್ಕೆ ನನ್ನ ಅಂಕ ನೋಡಿ ಅದೇ ಹುಡುಗರು ನೋಟ್ಸ್ ಕೇಳಲು ಬಂದರು. ಕೊಟ್ಟೆ. ಅದಕ್ಕೂ ಘಾಟಿದೆ, ಸೀನಿ ಓದಿಕೊಳ್ಳಿ ಎಂದು ಹೇಳಿಯೇ ಕೊಟ್ಟೆ.

ಆ ನೋಟ್ಸಿನಲ್ಲಿ ಹೆಣ್ಣುಮಕ್ಕಳ ಹಕ್ಕಿನ ಪಾಠವೂ ಇತ್ತು. ಓದುವ ಹಕ್ಕು, ವೋಟು, ಮದುವೆಯ ವಯಸ್ಸು, ಆಸ್ತಿ, ಇವೆಲ್ಲವೂ ಎಷ್ಟು ಜನ ಹೆಂಗಸರು ಬೈಗುಳ ತಿಂದು, ಮನೆಯಿಂದ ಹೊರಗೆ ಬಿದ್ದು, ವರ್ಷಗಟ್ಟಲೆ ಅರ್ಜಿ ಹಿಡಿದು ನಿಂತು ಪಡೆದದ್ದು ಎಂದು ನಮ್ಮ ಮೇಡಂ ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದುಕೊಂಡಿದ್ದೆ. ಮದುವೆಯಾಗಿ ಹೋದ ಮಗಳಿಗೂ ತಂದೆಯ ಕುಟುಂಬದ ಆಸ್ತಿಯಲ್ಲಿ ಮಗನಷ್ಟೇ ಪಾಲು ಎಂಬ ಕಾಯ್ದೆ ನಾನು ಕನ್ನಡ ಸಾಲಿಯಲ್ಲಿ ಮಗ್ಗಿ ಹೇಳುತ್ತಿದ್ದಾಗಲೇ ಬಂದಿತ್ತಂತೆ. ನಮ್ಮ ಓಣಿಗೆ ಯಾರೂ ಬಂದು ಹೇಳಿರಲಿಲ್ಲ.

ಅದೇ ವರ್ಷ ಅವ್ವನಿಗೆ ಸಹಿ ಕಲಿಸಿದೆ. ಅವಳ ಹೆಸರಿನಲ್ಲಿ ಮೂರೇ ಅಕ್ಷರ. ಖಾಲಿ ಚೀಲದ ಮೇಲೆ ಸುಣ್ಣದ ಕಡ್ಡಿಯಿಂದ ಬರೆದು ತೋರಿಸಿದರೆ ಅವಳು ಅದರ ಮೇಲೆಯೇ ತಿದ್ದುತ್ತಿದ್ದಳು. ತಿಂಗಳೊಪ್ಪತ್ತಿನಲ್ಲಿ ಕಲಿತಳು. ಕೊನೆಯ ಅಕ್ಷರ ಯಾವಾಗಲೂ ಬಲಕ್ಕೆ ವಾಲುತ್ತಿತ್ತು. ಹೆಬ್ಬೆಟ್ಟು ಕೈಕೊಟ್ಟರೂ ಸಹಿ ಕೈಕೊಡುವುದಿಲ್ಲ ಎಂದು ಅವಳಿಗೆ ಹೇಳಿದ್ದೆ.

ಕಡೆಯ ಪರೀಕ್ಷೆಯ ದಿನ ಬಸ್ಸುಗಳೆಲ್ಲ ನಿಂತಿದ್ದವು, ರೈಲೂ ತಡ. ಸುದ್ದಿ ತಿಳಿದು ಮಾವನೇ ಕಾಗಿನೆಲೆಯ ಹತ್ತಿರದ ತನ್ನ ಊರಿನಿಂದ ಬೈಕು ತಂದು ನನ್ನನ್ನು ರಾಣೇಬೆನ್ನೂರಿಗೆ ಮುಟ್ಟಿಸಿದ. ನಾನು ಪಾಸಾದಾಗ ಊರಲ್ಲೆಲ್ಲ ಪೇಢೆ ಹಂಚಿ, ತಂಗಿಯ ಮಗಳು ಡಿಗ್ರಿ ಮಾಡಿದಳೆಂದು ಹೇಳಿಕೊಂಡು ತಿರುಗಿದ. ಆಗದ ಮಾತು ಎಂದಿದ್ದು ಅವನಿಗೆ ಮರೆತೇ ಹೋಗಿತ್ತು. ಅವನು ಕೆಟ್ಟವನಲ್ಲ. ಇದನ್ನು ಬರೆಯುವುದು ಕಷ್ಟವಾಗುವುದೇ ಅದಕ್ಕೆ.

ಎರಡನೆಯ ಸಲದ ಮಾತು ಈಚಿನದು. ಆ ಹೊತ್ತಿಗೆ ನಾನು ಹಾವೇರಿಯ ಒಂದು ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿಯಾಗಿದ್ದೆ. ಚಳಿಗಾಲದಲ್ಲಿ ಅಜ್ಜ, ಅಂದರೆ ಅವ್ವನ ಅಪ್ಪ, ತೀರಿಕೊಂಡ. ಅವನ ಹಿರಿಯರಿಂದ ಬಂದ ನಾಲ್ಕು ಎಕರೆ ಹೊಲ ಅವನ ಹೆಸರಿನಲ್ಲಿತ್ತು. ಅಜ್ಜಿ ಎಂದೋ ಹೋಗಿದ್ದಳು, ಅಜ್ಜನಿಗೆ ಇದ್ದದ್ದು ಮಾವ ಮತ್ತು ಅವ್ವ, ಇಬ್ಬರೇ ಮಕ್ಕಳು. ಹೊಲ ತನ್ನ ಹೆಸರಿಗಾಗಲು ಮಾವನಿಗೆ ವಂಶಾವಳಿ ಪ್ರಮಾಣಪತ್ರ ಬೇಕಿತ್ತು. ಅಜ್ಜನಿಗೆ ಯಾರು ಯಾರು ವಾರಸುದಾರರು ಎಂದು ಸರಕಾರ ಬರೆದುಕೊಡುವ ಕಾಗದ ಅದು. ಅರ್ಜಿ ತುಂಬಲು ಅವನು ನನ್ನನ್ನೇ ಹುಡುಕಿಕೊಂಡು ಬಂದ. ಮನೆಯಲ್ಲೊಬ್ಬಳು ಓದಿದಾಕಿ ಇರುವಾಗ ಏಜೆಂಟನ ಬಾಗಿಲು ಯಾಕೆ ಎಂದ. ನನಗೆ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ಕಂಪ್ಯೂಟರ್ ಅಂಗಡಿಯಲ್ಲಿ ಅವನು ಜೇಬಿನಿಂದ ಒಂದು ನೋಟುಬುಕ್ಕಿನ ಹಾಳೆ ತೆಗೆದ. ಬಾಲ್ ಪೆನ್ನಿನಲ್ಲಿ ಗೆರೆ ಎಳೆದು, ಮೇಲೆ ಅಜ್ಜನ ಹೆಸರು, ಕೆಳಗೆ ತನ್ನದು, ಅದರ ಕೆಳಗೆ ತನ್ನ ಇಬ್ಬರು ಗಂಡುಮಕ್ಕಳದು ಬರೆದಿದ್ದ. ಅವನಿಗೊಬ್ಬಳು ಮಗಳಿದ್ದಾಳೆ, ಅವಳೂ ಇರಲಿಲ್ಲ. ಮುಚ್ಚಿಡುವ ಭಾವ ಅವನ ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲ. ನಮ್ಮ ಕಡೆ ಹಿರಿಯರನ್ನು ಎಷ್ಟು ಮಕ್ಕಳು ಎಂದು ಕೇಳಿ ನೋಡಿ, ಗಂಡುಮಕ್ಕಳನ್ನು ಎಣಿಸಿ ಹೇಳುತ್ತಾರೆ. ಹುಡುಗಿಯರು ಆಮೇಲೆ, ಕೇಳಿದರೆ.

ಅವ್ವ ಎಲ್ಲಿ ಎಂದು ಕೇಳಿದೆ.

“ವಂಶಾವಳಿಯೊಳಗ ಹೆಣ್ಣಮಕ್ಕಳ ಹೆಸರು ಬರಂಗಿಲ್ಲವಾ. ಆಗದ ಮಾತದು. ಹಿಂದ ಬಂದಿಲ್ಲ, ಮುಂದನೂ ಬರೂದಿಲ್ಲ,” ಎಂದ.

ಬರಬೇಕು ಮಾವ, ಬರೆಯದಿದ್ದರೆ ಸುಳ್ಳು ಬರೆದುಕೊಟ್ಟ ಹಾಗಾಗುತ್ತದೆ ಎಂದು ನಾನು ಕಾಯ್ದೆ ಬಿಚ್ಚಿಟ್ಟೆ. ಅಂಗಡಿಯವನೂ ಕೈ ನಿಲ್ಲಿಸಿ ಕೇಳಿದ. ಮಾವ ನಕ್ಕ.

“ಬರಿ, ಬರಿ. ಇಷ್ಟು ಓದಿ ಬರೀಲಿಲ್ಲಂದ್ರ ಹೆಂಗ? ತಲಾಟಿ ನೋಡಿ ತಗದ ಹಾಕ್ತಾನ, ಆವಾಗ ನಿನ್ನ ಮಾರಿ ನೋಡತೇನಿ.”

ಅವ್ವನ ಹೆಸರು ಬರೆದೆ, ಅವನ ಮಗಳ ಹೆಸರೂ ಬರೆದೆ. ಪೂರ್ತಿ ಓದಿ ಹೇಳಿದೆ. ಅವನು ನಗುತ್ತಲೇ ಸಹಿ ಹಾಕಿದ. ಸರಕಾರವೂ ತನ್ನ ಹಾಗೆಯೇ ಯೋಚಿಸುತ್ತದೆ ಎಂದು ಅವನಿಗೆ ಅಷ್ಟು ಗಟ್ಟಿ ನಂಬಿಕೆಯಿತ್ತು. ಆದರೆ ಮಾವನ ಊರಿಗೆ ಹೊಸದಾಗಿ ಬಂದ ತಲಾಟಿ, ಅಂದರೆ ಗ್ರಾಮಲೆಕ್ಕಿಗ, ನನ್ನ ವಯಸ್ಸಿನ ಒಬ್ಬ ಹೆಣ್ಣುಮಗಳು. ಊರಿಗೆ ಬಂದು ಪಂಚರನ್ನು ಕೂಡಿಸಿ, ಅಜ್ಜನಿಗೆ ಮಗಳಿದ್ದಾಳೋ ಇಲ್ಲವೋ ಎಂದಷ್ಟೇ ಕೇಳಿದಳಂತೆ. ಇದ್ದಾಳೆ ಎಂದರು. ಇದ್ದವಳನ್ನು ಇಲ್ಲ ಎಂದು ಹೇಳುವವರು ಯಾರೂ ಇರಲಿಲ್ಲ.

ಕಾಗದ ಬಂತು. ಮಾವ ಅದನ್ನು ಬಿಚ್ಚಿಯೂ ನೋಡದೆ ಯಾರದೋ ಕೈಯಲ್ಲಿ ನನಗೆ ಕಳಿಸಿದ್ದ, ಮುಂದಿನ ಅರ್ಜಿ ನಾನೇ ತುಂಬಲಿ ಎಂದು. ಅದನ್ನು ಬ್ಯಾಡಗಿಗೆ ಒಯ್ದು ಅವ್ವನ ಮುಂದೆ ಇಟ್ಟೆ. ಅವಳು ಕೈ ತೊಳೆದುಕೊಂಡು ಬಂದಳು. ತನ್ನ ಮೂರು ಅಕ್ಷರಗಳನ್ನು ತಾನೇ ಹುಡುಕಿದಳು, ನಾನು ತೋರಿಸಬಾರದೆಂದು ಕೈ ತಡೆದಳು. ಸಿಕ್ಕ ಮೇಲೆ ಅದರ ಮೇಲೆ ಬೆರಳಿಟ್ಟು, “ಅಪ್ಪನ ಕೆಳಗ ಅದೇನಿ,” ಎಂದಳು. ಆ ಸಂಜೆ ನಾನು ನನ್ನ ಡಿಗ್ರಿಯ ದಿನಕ್ಕಿಂತ ಹೆಚ್ಚು ಬೀಗಿದೆ. ಹೆಸರು ಬಂದರೆ ಪಾಲು ಬಂದ ಹಾಗೆ ಎಂದು ತಿಳಿದಿದ್ದೆ. ಪಾಠದಲ್ಲಿ ಅದರ ಮುಂದಿನದು ಬರೆದಿರಲಿಲ್ಲ.

ತಂಗಿಯನ್ನು ಬಿಟ್ಟು ಹೊಲ ತನ್ನೊಬ್ಬನ ಹೆಸರಿಗೆ ಆಗುವುದಿಲ್ಲ, ಅವಳು ಹಕ್ಕು ಬಿಟ್ಟುಕೊಟ್ಟ ಪತ್ರ ಬೇಕು ಎಂದು ಕಚೇರಿಯಲ್ಲಿ ಹೇಳಿದಾಗ ಮಾವನಿಗೆ ವಿಷಯ ತಿಳಿಯಿತು. ಅವನು ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು, ನನ್ನ ಹತ್ತಿರ ಉತ್ತರಗಳಿದ್ದವು. ಫೋನು ಮಾಡುವುದನ್ನು ಬಿಟ್ಟ, ಅಷ್ಟೇ. ಶ್ರಾವಣ ಬಂತು.

ಪಂಚಮಿಗೆ ಅಣ್ಣ ಬಂದು ತಂಗಿಯನ್ನು ತವರಿಗೆ ಕರೆದುಕೊಂಡು ಹೋಗುವುದು ನಮ್ಮಲ್ಲಿ ಎಂದೂ ತಪ್ಪದ್ದು. ಅವ್ವ ಮದುವೆಯಾಗಿ ಬಂದ ಮೇಲೆ ಒಂದು ಪಂಚಮಿಯೂ ಬ್ಯಾಡಗಿಯಲ್ಲಿ ಮಾಡಿದವಳಲ್ಲ. ಆ ವರ್ಷವೂ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿ ಡಬ್ಬಿಗೆ ತುಂಬಿದಳು. ಎರಡು ಸೀರೆ ಮಡಿಚಿ ಚೀಲಕ್ಕೆ ಹಾಕಿ ಬಾಗಿಲ ಹತ್ತಿರ ಇಟ್ಟಳು. ಬೈಕಿನ ಸಪ್ಪಳವಾದಾಗಲೆಲ್ಲ ಏಳುತ್ತಿದ್ದಳು. ಗೋದಾಮಿನ ಜೊತೆಗಾರ್ತಿಯೊಬ್ಬಳು ಬಾಗಿಲಲ್ಲಿ ನಿಂತು, “ಏನವಾ, ಈ ವರ್ಷ ನಿಮ್ಮಣ್ಣಗ ದಾರಿ ಮರತೈತೇನ? ಆಸ್ತಿ ಕೇಳೀಯಂತಲ್ಲ,” ಎಂದು ನಕ್ಕು ಹೋದಳು. ಅವಳಿಗೂ ಅಣ್ಣಂದಿರಿದ್ದಾರೆ. ಅವಳು ಎಂದೋ ಬಿಟ್ಟುಕೊಟ್ಟಿದ್ದಾಳೆ.

ಹಬ್ಬ ಮುಗಿಯಿತು. ಚೀಲ ಮೂರು ದಿನ ಬಾಗಿಲ ಹತ್ತಿರವೇ ಇತ್ತು, ನನಗೆ ಎತ್ತಿಡಲು ಧೈರ್ಯವಾಗಲಿಲ್ಲ. ನಾಲ್ಕನೆಯ ದಿನ ಅವ್ವ ತಾನೇ ಸೀರೆಗಳನ್ನು ಟ್ರಂಕಿಗೆ ಹಾಕುತ್ತ, ಸಹಿ ಮಾಡುತ್ತೇನೆ, ಅಣ್ಣನಿಗೆ ಫೋನು ಹಚ್ಚು ಎಂದಳು.

ನಾನು ಸುಮ್ಮನಿರಲಿಲ್ಲ. ಎರಡು ಎಕರೆ ನಿನ್ನದು ಬೇ, ಯಾರ ದಾನವೂ ಅಲ್ಲ ಎಂದೆ. ತೊಟ್ಟು ಬಿಡಿಸುವುದನ್ನು ಬಿಡಬಹುದು ಎಂದೆ. ಇದಕ್ಕಾಗಿ ಎಷ್ಟು ಹೆಂಗಸರು ಎಷ್ಟು ಕಾಲ ಬಡಿದಾಡಿದ್ದಾರೆ ಗೊತ್ತೇ ಎಂದು, ತರಗತಿಯಲ್ಲಿ ಹೇಳುವ ಹಾಗೆ ಹೇಳಿದೆ. ಅಪ್ಪನ ಕಡೆ ನೋಡಿದೆ. ಹೆಂಡತಿಯ ತವರಿನ ಹೊಲಕ್ಕೆ ಆಸೆಪಟ್ಟವ ಅನ್ನಿಸಿಕೊಳ್ಳಲು ಅವನಿಗೆ ಇಷ್ಟವಿರಲಿಲ್ಲ. ಎದ್ದು ಹೊರಗೆ ಹೋದ.

ಅವ್ವ ಟ್ರಂಕಿನ ಮುಚ್ಚಳ ಹಾಕಿದಳು. “ನಿನ್ನ ಕಾಯ್ದೆ ಪಂಚಮಿಗೆ ನನ್ನ ಕರಿಯಾಕ ಬರತೈತೇನ?”

 

ಫೋನು ಹಚ್ಚಿದೆ. ಮಾವ ಮೊದಲನೆಯ ರಿಂಗಿಗೇ ಎತ್ತಿಕೊಂಡ. ಅವನೂ ಕಾಯುತ್ತಿದ್ದನೇನೋ.

ಆ ವಾರ ಹಾವೇರಿಯ ಶಾಲೆಯಲ್ಲಿ ನನಗೆ ಅದೇ ಪಾಠ ಬಂದಿತ್ತು. ಮಗಳಿಗೂ ಸಮಪಾಲು ಎಂದು ಬೋರ್ಡಿನ ಮೇಲೆ ಬರೆದೆ. ಎರಡನೆಯ ಸಾಲಿನ ಹುಡುಗಿ ಕೈ ಎತ್ತಿ, “ಅಕ್ಕೋರ, ನಿಮ್ಮ ಅವ್ವಾರಿಗೆ ಕೊಟ್ಟಾರೇನ್ರಿ?” ಎಂದು ಕೇಳಿದಳು. ಉಳಿದವರು ಕಿಸಕ್ಕನೆ ನಕ್ಕರು. ಕಾಗದದಲ್ಲಿ ಹೆಸರು ಬಂದಿದೆ ಎಂದೆ. ಸುಳ್ಳೇನಲ್ಲ. ಆ ಹುಡುಗಿ ಅದನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡಳು. ನಾನು ಬೋರ್ಡು ಒರೆಸಿದೆ.

ಬ್ಯಾಡಗಿಯ ನೋಂದಣಿ ಕಚೇರಿಗೆ ಮಾವ, ಅತ್ತೆ ಇಬ್ಬರೂ ಬಂದಿದ್ದರು. ಅತ್ತೆಯ ಕೈಯಲ್ಲಿ ಚೀಲ, ಅದರಲ್ಲಿ ತೆಂಗಿನಕಾಯಿ ಕಾಣುತ್ತಿತ್ತು. ಪತ್ರವನ್ನು ಅವ್ವನಿಗೆ ಓದಿ ಹೇಳಬೇಕೆಂದು ಒಳಗಿನವರು ಹೇಳಿದಾಗ ಮಾವ ಮುಂದೆ ಬಂದು, “ಆಕಿ ಮಗಳ ಇದ್ದಾಳಲ್ರಿ, ಡಿಗ್ರಿ ಆಗೇತಿ. ಆಕಿನ ಓದ್ಲಿ,” ಎಂದ. ಅವನ ದನಿಯಲ್ಲಿ ಚುಚ್ಚುವುದೇನೂ ಇರಲಿಲ್ಲ. ಪೇಢೆ ಹಂಚಿದ ದಿನದ ಹೆಮ್ಮೆಯೇ ಇತ್ತು.

ಓದಿದೆ. ಯಾರ ಒತ್ತಾಯವೂ ಇಲ್ಲದೆ ನನ್ನ ಸ್ವಂತ ಖುಷಿಯಿಂದ ಎಂದು ಬಂದಲ್ಲಿಯೂ ನಿಲ್ಲಿಸದೆ ಓದಿದೆ. ಅವ್ವ ತಲೆಯಾಡಿಸುತ್ತ ಕೇಳಿದಳು. ಆಮೇಲೆ ಹೆಬ್ಬೆಟ್ಟು. ಯಂತ್ರ ಒಂದು ಸಲ ಬೇಡ ಎಂದಿತು. ಎರಡನೆಯ ಸಲವೂ ಬೇಡ ಎಂದಿತು. ಮೂರನೆಯ ಸಲವೂ ಕೆಂಪು ದೀಪ ಬಂದಾಗ, ದೇವರಾಣೆ, ನನ್ನ ಎದೆ ಹಗುರಾಯಿತು. ಇವತ್ತು ಆಗುವುದಿಲ್ಲ, ಇನ್ನೊಂದು ದಿನ ಬನ್ನಿ ಅನ್ನುತ್ತಾರೆ, ಅಷ್ಟರೊಳಗೆ ಅವ್ವನ ಮನಸ್ಸು ತಿರುಗೀತು ಎಂದೆಲ್ಲ ಎಣಿಸಿದೆ. ಅಷ್ಟು ವರ್ಷ ಅವಳ ಬೆರಳು ತಿಂದ ಮೆಣಸಿನಕಾಯಿಗೆ ಅವತ್ತು ನಾನು ಕೈ ಮುಗಿದಿದ್ದೆ.

ಯಂತ್ರದ ಹುಡುಗಿ ರೂಢಿಯಾದವಳು. “ತಲೀಗೆ ಸ್ವಲ್ಪ ಒರಸ್ಕೋರಿ ಅಮ್ಮಾ, ಎಣ್ಣಿ ಪಸಿ ಹತ್ತಿದರ ಬರತೈತಿ,” ಎಂದಳು. ಅವ್ವ ಬೈತಲೆಯ ಮೇಲೆ ಹೆಬ್ಬೆರಳು ಉಜ್ಜಿಕೊಂಡು ಮತ್ತೆ ಒತ್ತಿದಳು. ಹಸಿರು ದೀಪ ಬಂತು.

ಸಹಿಯನ್ನು ನಿಧಾನಕ್ಕೆ ಹಾಕಿದಳು. ಮೂರು ಅಕ್ಷರ, ಕೊನೆಯದು ಬಲಕ್ಕೆ ವಾಲಿದ್ದು. ಒಂದೊಂದು ಪುಟಕ್ಕೂ ಹಾಕಬೇಕಿತ್ತು. ಪ್ರತಿ ಸಲ ಮುಗಿದ ಮೇಲೆ ಸರಿ ಬಂತೇ ಎಂದು ನನ್ನ ಮುಖ ನೋಡುತ್ತಿದ್ದಳು, ಚೀಲದ ಮೇಲೆ ಕಲಿಯುವಾಗ ನೋಡುತ್ತಿದ್ದ ಹಾಗೆಯೇ. ಪ್ರತಿ ಸಲ ನಾನು ಸರಿ ಎಂದು ತಲೆಯಾಡಿಸಿದೆ.

ಹೊರಗೆ, ಕಚೇರಿಯ ಬೇವಿನ ಗಿಡದ ಕೆಳಗೆ ಅತ್ತೆ ಅವ್ವನ ಉಡಿ ತುಂಬಿದಳು. ಅಕ್ಕಿ, ತೆಂಗಿನಕಾಯಿ, ಖಣ, ಹಸಿರು ಸೀರೆ. ಮಾವನ ಕಣ್ಣಲ್ಲಿ ನೀರಿತ್ತು, ನಾಟಕದ್ದಲ್ಲ. ಬರುವ ಪಂಚಮಿಗೆ ಎರಡು ದಿನ ಮೊದಲೇ ಬರುತ್ತೇನೆ ಎಂದ. ಅವ್ವನ ಮುಖ ಬೆಳಗಿದ್ದನ್ನು ನಾನು ಕಂಡೆ, ಕಂಡದ್ದನ್ನು ಬರೆಯಲೇಬೇಕು.

ಕಚೇರಿಯವರು ವಂಶಾವಳಿಯ ಮೂಲ ಪ್ರತಿಯನ್ನು ಮರಳಿ ಕೊಟ್ಟಿದ್ದರು. ಮಾವ ಅದರ ಝೆರಾಕ್ಸ್ ತನ್ನಲ್ಲಿಟ್ಟುಕೊಂಡು, ಇದರ ಕೆಲಸ ಮುಗಿಯಿತೆಂದು ಮೂಲವನ್ನು ಅವ್ವನ ಕೈಗೆ ಕೊಟ್ಟ. ಉಡಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಅವಳು ಅದನ್ನು ನನಗೆ ಕೊಟ್ಟಳು.

“ನಿನ್ನ ಡಿಗ್ರಿ ಸರ್ಟಿಫಿಕೇಟ್ ಜೋಡಿ ಇಡು,” ಎಂದಳು. “ಮಡಚಬ್ಯಾಡ.”